‘ಕನ್‌ಫೆಸ್’ ಅಂತ ಬರೆದರೆ ಆಕೆಯೇ ಆರೋಪಿ

ಪ್ರಶ್ನೆ: ನಮಸ್ಕಾರ ಮೇಡಮ್. ನಾನು ರೋಣ ತಾಲ್ಲೂಕಿನವಳು, ಧಾರವಾಡದಲ್ಲಿ ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದೇನೆ. ಫೀಲ್ಡ್‌ವರ್ಕ್‌ಗೆ ಗದಗ ಜಿಲ್ಲೆಯ ಹಳ್ಳಿಗಳಿಗೆ ಹೋಗುತ್ತೇನೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮನೆಯ ಕಷ್ಟ ಹೇಳಿಕೊಳ್ಳುತ್ತಾರೆ. ಅದನ್ನು ನಾನು ಕೇಸ್ ರೆಕಾರ್ಡ್‌ನಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕು. ಒಬ್ಬರು, ‘ಯಾರ ಮುಂದ ಹೇಳ್ಕೊಳ್ಳಲ್ರಿ, ಎಲ್ಲಾ ಹೊಟ್ಯಾಗ ಇಟ್ಕೊಂಡೇನಿ’ ಅಂದರು. ‘ಗಂಡ ಹೊಡೀತಾನು, ನನ್ನ ತಂಗಿ ಮುಂದ ಅಷ್ಟ ಹೇಳೇನ್ರಿ’ ಅಂದರು. ‘ಸಿಟ್ಟು ಬಂತಂದ್ರ ಹುಡುಗನ ಮ್ಯಾಲ ತೀರಿಸ್ಕೊಂತೀನ್ರಿ’ ಅಂದರು. ಕೊನೆಗೆ, ‘ನಿಮ್ಮ ಮುಂದ ಹೇಳಿದ್ಮ್ಯಾಲ ಎದಿ ಹಗುರಾತ್ರಿ’ ಅಂತ ಕಣ್ಣೊರೆಸಿಕೊಂಡರು. ನಾನು ಡಿಕ್ಷನರಿ ನೋಡಿ ‘ಕನ್‌ಫೆಸ್’, ‘ಸ್ಪಿಲ್ ದ ಬೀನ್ಸ್’, ‘ವೆಂಟ್’ ಅಂತೆಲ್ಲ ಬರೆದೆ. ಗೈಡ್ ಕೆಂಪು ಗೆರೆ ಎಳೆದು ವಾಪಸ್ ಕೊಟ್ಟರು. ಆ ಪುಟಗಳನ್ನು ಜೊತೆಗೆ ಕಳಿಸಿದ್ದೇನೆ. ಇವೆಲ್ಲ ಒಂದೇ ಅರ್ಥದ ಮಾತುಗಳಲ್ಲವೇ? ಇನ್ನೊಂದು, ಬಯೋಡೇಟಾದಲ್ಲಿ ‘ಪೀಪಲ್ ಕನ್‌ಫೈಡ್ ವಿತ್ ಮಿ ಈಸಿಲಿ’ ಅಂತ ಹಾಕಿದ್ದೇನೆ. ಸರಿ ಇದೆಯೇ?

ಉತ್ತರ: ಒಂದೇ ಅರ್ಥ ಅಲ್ಲ. ನಿಮ್ಮ ಗೈಡ್ ಗೆರೆ ಎಳೆದದ್ದು ಸರಿ. ಆದರೆ ಯಾಕೆ ಅಂತ ಪಕ್ಕದಲ್ಲಿ ಒಂದು ಸಾಲು ಬರೆದಿದ್ದರೆ ನಿಮಗೆ ಇಷ್ಟು ಒದ್ದಾಟ ಇರುತ್ತಿರಲಿಲ್ಲ.

ತೊಂದರೆ ಶುರುವಾಗುವುದು ನಮ್ಮ ಕನ್ನಡದಿಂದಲೇ. ‘ನಾಳೆ ನೀರು ಬರೋದಿಲ್ಲ ಅಂತ ಪಕ್ಕದ ಮನೆಯವರು ಹೇಳಿದರು’ ಅಂದರೆ ಅದು ಸುದ್ದಿ. ‘ಪಕ್ಕದ ಮನೆಯವರು ನೀರಿನದು ಹೇಳಿಕೊಂಡರು’ ಅಂದರೆ ಅದು ಗೋಳು. ಹುಬ್ಬಳ್ಳಿ-ಧಾರವಾಡದಲ್ಲಿ ಎರಡೂ ಮಾತಿಗೆ ಬರ ಇಲ್ಲ, ಬಿಡಿ. ‘ಕೊಳ್ಳು’ ಅನ್ನುವುದು ಸೇರಿದ ಕೂಡಲೇ ಹೇಳಿದವರ ಸಂಕಟ ಮಾತಿನೊಳಗೆ ಬಂದುಬಿಡುತ್ತದೆ. ಇಂಗ್ಲಿಷಿಗೆ ಈ ಸವಲತ್ತು ಇಲ್ಲ. ಹಾಗಾಗಿ ಅದು ಈ ಕೆಲಸಕ್ಕೆ ಹತ್ತಾರು ಬೇರೆ ಬೇರೆ ಪದ ಇಟ್ಟುಕೊಂಡಿದೆ. ಒಂದೊಂದು ಪದವೂ ಹೇಳಿದವರ ಬಗ್ಗೆ ಏನೋ ಒಂದು ತೀರ್ಪು ಕೊಡುತ್ತದೆ. ಒಂದು ಅವರನ್ನು ತಪ್ಪಿತಸ್ಥರು ಅನ್ನುತ್ತದೆ, ಇನ್ನೊಂದು ಬಾಯಿಬಡುಕರು ಅನ್ನುತ್ತದೆ, ಮತ್ತೊಂದು ಕೇಳಿದವರನ್ನು ನಂಬಿದರು ಅನ್ನುತ್ತದೆ. ಡಿಕ್ಷನರಿ ಅರ್ಥ ಕೊಡುತ್ತದೆ, ಈ ತೀರ್ಪನ್ನು ಅಷ್ಟಾಗಿ ತೋರಿಸುವುದಿಲ್ಲ. ಕೇಸ್ ರೆಕಾರ್ಡ್ ಬರೆಯುವವರು ನೋಡಬೇಕಾದದ್ದು ಅದನ್ನೇ.

ನಿಮ್ಮ ದೊಡ್ಡ ತಪ್ಪಿನಿಂದ ಶುರು ಮಾಡೋಣ. ‘ಶಿ ಕನ್‌ಫೆಸ್ಡ್ ದಟ್ ಹರ್ ಹಸ್ಬೆಂಡ್ ಬೀಟ್ಸ್ ಹರ್’ ಅಂತ ಬರೆದಿದ್ದೀರಿ. ‘ಕನ್‌ಫೆಸ್’ ಅಂದರೆ ತಪ್ಪೊಪ್ಪಿಕೊಳ್ಳುವುದು. ಪಾಪ ಮಾಡಿದವರು ಚರ್ಚಿನಲ್ಲಿ ಮಾಡುವುದು, ಅಪರಾಧ ಮಾಡಿದವರು ಠಾಣೆಯಲ್ಲಿ ಮಾಡುವುದು. ನಮ್ಮ ಕಾನೂನಿನಲ್ಲೂ ಈ ಪದ ಇರುವುದು ಆರೋಪಿಯ ಜೊತೆಗೇ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ‘ಕನ್‌ಫೆಷನ್’ ಅನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಅಂತ 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಅದೇ ಮಾತು ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿದೆ. ಈಗ ನಿಮ್ಮ ವಾಕ್ಯ ಮತ್ತೆ ಓದಿ. ಹೊಡೆತ ತಿಂದವಳೇ ತಪ್ಪೊಪ್ಪಿಕೊಂಡ ಹಾಗೆ ಇದೆ, ಅಲ್ವಾ? ನಾಳೆ ಈ ಕೇಸು 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಸಂರಕ್ಷಣಾಧಿಕಾರಿ ತನಕ ಹೋದರೆ ನಿಮ್ಮ ರೆಕಾರ್ಡ್ ಯಾರ ಯಾರ ಕೈಗೋ ಹೋಗಬಹುದು. ಎದುರು ಪಕ್ಷದ ವಕೀಲರಿಗೆ ಇಂಥ ಒಂದು ಪದ ಸಿಕ್ಕರೆ ಸಾಕು.

‘ಅಡ್ಮಿಟೆಡ್’ ಕೂಡ ಇದೇ ಜಾತಿ. ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡಳು ಅನ್ನುವ ವಾಸನೆ ಅದಕ್ಕಿದೆ. ಆಸ್ಪತ್ರೆ ಕಾಗದದಲ್ಲಿ ಬರೆದರಂತೂ ಯಾವ ವಾರ್ಡಿಗೆ ಅಂತ ಕೇಳುತ್ತಾರೆ. ‘ಕ್ಲೇಮ್ಡ್’ ಅಂದರೆ ನನಗೆ ನಂಬಿಕೆ ಇಲ್ಲ, ಆಕೆ ಹಾಗೆ ಅಂದಳು ಅಷ್ಟೇ ಅಂತ. ಹಾಗಾದರೆ ಏನು ಬರೆಯಬೇಕು? ನಿಮ್ಮ ವೃತ್ತಿಯಲ್ಲಿ ಇದಕ್ಕೆ ನಡೆಯುವ ಪದ ‘ಡಿಸ್‌ಕ್ಲೋಸ್ಡ್’. ಮುಚ್ಚಿಟ್ಟಿದ್ದ ವಿಷಯವನ್ನು ತಾನಾಗಿ ಹೇಳಿದಳು ಅಂತ. ದೌರ್ಜನ್ಯದ ವಿಷಯ ಮೊದಲ ಸಲ ಹೊರಗೆ ಬಂದದ್ದನ್ನು ಸಮಾಜಕಾರ್ಯದ ಬರಹಗಳಲ್ಲಿ ‘ಡಿಸ್‌ಕ್ಲೋಷರ್’ ಅಂತಲೇ ಕರೆಯುತ್ತಾರೆ. ಅದರಲ್ಲಿ ಹೊಗಳಿಕೆಯೂ ಇಲ್ಲ, ದೂರೂ ಇಲ್ಲ. ಅದೂ ಬೇಡ ಅನಿಸಿದರೆ ಬರೀ ‘ಸೆಡ್’ ಅಥವಾ ‘ಟೋಲ್ಡ್ ಮಿ’ ಸಾಕು. ನಮ್ಮ ಹುಡುಗ ಹುಡುಗಿಯರಿಗೆ ‘ಸೆಡ್’ ಅಂದರೆ ಯಾಕೋ ನಾಚಿಕೆ. ಏಳನೇ ಕ್ಲಾಸಿನ ಇಂಗ್ಲಿಷು ಅನಿಸುತ್ತದೆ. ರೆಕಾರ್ಡ್ ಬರೆಯುವುದರಲ್ಲಿ ಅದಕ್ಕಿಂತ ಮರ್ಯಾದಸ್ಥ ಪದ ನನಗಂತೂ ಕಂಡಿಲ್ಲ.

ಇಲ್ಲೇ ಇನ್ನೊಂದು ಹಳ್ಳ ಇದೆ. ‘ಎದಿ ಹಗುರಾತ್ರಿ’ ಅನ್ನುವುದಕ್ಕೆ ಎದೆ ಇರುವ ನುಡಿಗಟ್ಟು ಹುಡುಕಿದರೆ ಎರಡು ಸಿಗುತ್ತವೆ. ‘ಗೆಟ್ ಇಟ್ ಆಫ್ ಯುವರ್ ಚೆಸ್ಟ್’ ಒಂದು, ‘ಮೇಕ್ ಎ ಕ್ಲೀನ್ ಬ್ರೆಸ್ಟ್ ಆಫ್ ಇಟ್’ ಇನ್ನೊಂದು. ಎರಡರಲ್ಲೂ ಎದೆ ಇದೆ. ಮೊದಲನೆಯದರಲ್ಲಿ ತಪ್ಪಿನ ಮಾತಿಲ್ಲ. ಬಹಳ ದಿನದಿಂದ ಕೊರೆಯುತ್ತಿದ್ದದ್ದನ್ನು ಹೇಳಿಬಿಡುವುದು ಅಷ್ಟೇ. ಎರಡನೆಯದು ಪೂರ್ತಿ ತಪ್ಪೊಪ್ಪಿಗೆ. ಸಂಘದ ದುಡ್ಡು ತಿಂದವರು ಕೊನೆಗೆ ಎಲ್ಲರ ಮುಂದೆ ನಿಂತು ಒಪ್ಪಿಕೊಂಡರೆ ಅದು ‘ಕ್ಲೀನ್ ಬ್ರೆಸ್ಟ್’. ‘ಕಮ್ ಕ್ಲೀನ್’ ಅಂದರೂ ಅದೇ. ನಿಮ್ಮ ಆ ಅಕ್ಕನಿಗೆ ‘ಕ್ಲೀನ್ ಬ್ರೆಸ್ಟ್’, ‘ಕಮ್ ಕ್ಲೀನ್’ ಎರಡೂ ಹೊಂದುವುದಿಲ್ಲ.

‘ಎ ವೇಟ್ ಆಫ್ ಮೈ ಮೈಂಡ್’ ಅಂತ ಮತ್ತೊಂದಿದೆ. ಮನಸ್ಸಿನ ಭಾರ ಇಳಿಯಿತು ಅಂತ ನೇರ ಕನ್ನಡ ಆಗುತ್ತದೆ, ಹಾಗಾಗಿ ಆಸೆ ಹುಟ್ಟಿಸುತ್ತದೆ. ಆದರೆ ಇಂಗ್ಲಿಷಿನವರು ಇದನ್ನು ಸಾಮಾನ್ಯವಾಗಿ ಚಿಂತೆ ತೀರಿದಾಗ ಬಳಸುತ್ತಾರೆ. ಮಗನ ರಿಸಲ್ಟ್ ಬಂತು, ಸೊಸೈಟಿ ಸಾಲ ಹರಿಯಿತು, ಮಗಳ ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ ಅಂದರು, ಇಂಥದ್ದಕ್ಕೆ. ನಿಮ್ಮ ಮುಂದೆ ಹೇಳಿದ್ದರಿಂದ ಆಕೆಯ ಗಂಡ ಹೊಡೆಯುವುದು ನಿಂತಿಲ್ಲ. ಭಾರ ಅಲ್ಲೇ ಇದೆ. ಹೇಳಿಕೊಂಡ ಸಮಾಧಾನ ಮಾತ್ರ ಸಿಕ್ಕಿದೆ. ‘ಶಿ ಸೆಡ್ ಶಿ ಫೆಲ್ಟ್ ರಿಲೀವ್ಡ್ ಆಫ್ಟರ್ ಟಾಕಿಂಗ್’ ಅಂತ ಬರೆಯಿರಿ. ‘ಆಫ್ಟರ್ ಟಾಕಿಂಗ್’ ಬಿಡಬೇಡಿ. ಅದನ್ನು ಬಿಟ್ಟರೆ ಸಮಸ್ಯೆಯೇ ಬಗೆಹರಿಯಿತು ಅಂತ ಓದಿದವರು ತಿಳಿದುಕೊಳ್ಳುತ್ತಾರೆ. ‘ಅನ್‌ಬರ್ಡನ್ ಹರ್‌ಸೆಲ್ಫ್’ ಕೂಡ ಆಗುತ್ತದೆ, ಅರ್ಥ ಸರಿಯಾಗಿದೆ. ಆದರೆ ಸ್ವಲ್ಪ ಪುಸ್ತಕದ ಮಾತು.

ಹೊಟ್ಟೆಯ ವಿಷಯ. ‘ಹೊಟ್ಯಾಗ ಇಟ್ಕೊಂಡೇನಿ’ ಅನ್ನುವುದನ್ನು ನೀವು ‘ಸ್ಟಮಕ್’ ಅಂತ ಬರೆದಿಲ್ಲ ಅಂದುಕೊಂಡಿದ್ದೇನೆ. ಇಂಗ್ಲಿಷಿನವರ ಹೊಟ್ಟೆ ಗುಟ್ಟು ಇಟ್ಟುಕೊಳ್ಳುವುದಿಲ್ಲ. ಆಸ್ಪತ್ರೆಯವರು ಓದಿದರೆ ಸುಮ್ನೆ ಎಂಡೋಸ್ಕೋಪಿಗೆ ಕಳಿಸುತ್ತಾರೆ. ದುಃಖ, ಸಿಟ್ಟು ಒಳಗೇ ಅದುಮಿಟ್ಟುಕೊಂಡರೆ ‘ಬಾಟಲ್ ಅಪ್’. ವಿಷಯವನ್ನು ಯಾರಿಗೂ ಹೇಳದಿದ್ದರೆ ‘ಕೀಪ್ ಇಟ್ ಟು ಹರ್‌ಸೆಲ್ಫ್’. ಒಂದು ಭಾವನೆಗೆ, ಒಂದು ಮಾಹಿತಿಗೆ. ಆಕೆ ಎರಡನ್ನೂ ಇಟ್ಟುಕೊಂಡಿದ್ದರು ಅನಿಸುತ್ತದೆ.

‘ತಂಗಿ ಮುಂದ ಅಷ್ಟ ಹೇಳೇನ್ರಿ’ ಅನ್ನುವುದಕ್ಕೆ ನೀವು ‘ಶಿ ಸ್ಪಿಲ್ಡ್ ದ ಬೀನ್ಸ್ ಟು ಹರ್ ಸಿಸ್ಟರ್ ಓನ್ಲಿ’ ಅಂತ ಬರೆದಿದ್ದೀರಲ್ಲ, ಅದು ನನಗೆ ‘ಕನ್‌ಫೆಸ್’ಗಿಂತ ಜಾಸ್ತಿ ಚುಚ್ಚಿತು. ಅದು ಗುಟ್ಟು ರಟ್ಟು ಮಾಡುವ ಮಾತು. ಬರ್ತ್‌ಡೇ ಪಾರ್ಟಿಯ ಸರ್‌ಪ್ರೈಸ್ ಮೊದಲೇ ಹೇಳಿಬಿಡುವುದು, ಆಫೀಸಿನ ಒಳಸುದ್ದಿ ಹೊರಗೆ ಬಿಡುವುದು, ಇಂಥದ್ದಕ್ಕೆ. ಅದರ ದನಿಯಲ್ಲೇ ಒಂದು ಹುಡುಗಾಟ ಇದೆ. ಹೊಡೆತದ ಸುದ್ದಿಗೆ ಅದನ್ನು ಹಚ್ಚಬಾರದು. ಈಗ ಕಾಲೇಜಿನವರು ಹೇಳುವ ‘ಸ್ಪಿಲ್ ದ ಟೀ’ ಅಂತೂ ಬರೀ ಗಾಸಿಪ್. ಮೊಬೈಲ್‌ನಲ್ಲಿ ಇರಲಿ, ಅಲ್ಲೇ ಇರಲಿ.

ಇಲ್ಲಿ ಬೇಕಾದದ್ದು ‘ಕನ್‌ಫೈಡ್’. ಇದರ ಬೇರು ಲ್ಯಾಟಿನ್ನಿನಲ್ಲಿದೆ, ಅರ್ಥ ನಂಬಿಕೆ. ನಂಬಿದವರಿಗೆ, ಇನ್ನೊಬ್ಬರಿಗೆ ಹೇಳುವುದಿಲ್ಲ ಅನ್ನುವ ಭರವಸೆಯ ಮೇಲೆ ಹೇಳುವುದು. ಈ ಪದ ಹೇಳಿದವರ ಬಗ್ಗೆ ಏನೂ ಕೆಟ್ಟದ್ದು ಹೇಳುವುದಿಲ್ಲ, ಕೇಳಿದವರ ಬಗ್ಗೆ ಒಳ್ಳೆಯದು ಹೇಳುತ್ತದೆ. ಆದರೆ ವ್ಯಾಕರಣದಲ್ಲಿ ನಮ್ಮವರು ಇದೇ ಜಾಗದಲ್ಲಿ ಎಡವುತ್ತಾರೆ. ನಾವು ‘ತಂಗಿ ಜೊತೆ ಹೇಳಿಕೊಂಡಳು’ ಅನ್ನುತ್ತೇವೆ, ಅದನ್ನೇ ‘ಕನ್‌ಫೈಡೆಡ್ ವಿತ್’ ಅಂತ ಮಾಡುತ್ತೇವೆ. ಇಂಗ್ಲಿಷಿನಲ್ಲಿ ‘ಕನ್‌ಫೈಡೆಡ್ ಇನ್ ಹರ್ ಸಿಸ್ಟರ್’. ಏನು ಹೇಳಿದಳು ಅಂತ ಸೇರಿಸಬೇಕಾದರೆ ಆಗ ‘ಟು’ ಬರುತ್ತದೆ: ‘ಕನ್‌ಫೈಡೆಡ್ ಹರ್ ಫಿಯರ್ಸ್ ಟು ಹರ್ ಸಿಸ್ಟರ್’. ‘ವಿತ್’ ಎಲ್ಲಿಯೂ ಇಲ್ಲ.

ಪೇಪರ್ ಓದುವವರಿಗೆ ‘ಟೇಕ್ ಇನ್‌ಟು ಕಾನ್ಫಿಡೆನ್ಸ್’ ಗೊತ್ತಿರುತ್ತದೆ. ಶಾಸಕರನ್ನು ವಿಶ್ವಾಸಕ್ಕೆ ತೆಗೆದುಕೊಳ್ಳದೆ ತೀರ್ಮಾನ ಮಾಡಿದರು ಅಂತ ಬರುತ್ತದಲ್ಲ, ಅದು. ಅದು ರಾಜಕೀಯದವರ ಕೈಯಲ್ಲಿ ಸವೆದುಹೋಗಿದೆ. ನಿಮ್ಮ ರೆಕಾರ್ಡ್‌ಗೆ ತರಬೇಡಿ. ಇದೇ ಮನೆತನದ ‘ಕಾನ್ಫಿಡೆನ್ಷಿಯಲಿಟಿ’ ಮಾತ್ರ ನಿಮಗೆ ದಿನಾ ಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಅದನ್ನು ರೋಗಿಯ ಹಕ್ಕು ಅಂತಲೇ ಮಾಡಿದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಂಥ ಕಡೆ ಪ್ಲೇಸ್‌ಮೆಂಟ್ ಸಿಕ್ಕರೆ ಮೊದಲ ದಿನವೇ ಈ ಪದ ಕಿವಿಗೆ ಬೀಳುತ್ತದೆ.

ಸಿಟ್ಟಿನ ಮಾತಿಗೆ ಬರೋಣ. ‘ವೆಂಟ್’ ಅಂದರೆ ಗಾಳಿ, ಹೊಗೆ ಹೊರಗೆ ಹೋಗುವ ಕಿಂಡಿ. ಕ್ರಿಯಾಪದ ಮಾಡಿದರೆ ಒಳಗಿನ ಕುದಿ ಹೊರಗೆ ಹಾಕುವುದು. ‘ಲೆಟ್ ಆಫ್ ಸ್ಟೀಮ್’ ಅನ್ನುವುದು ಉಗಿಯಂತ್ರದ ಕಾಲದ್ದು. ಒತ್ತಡ ಹೆಚ್ಚಾದರೆ ಬಾಯ್ಲರ್ ಒಡೆಯಬಾರದು ಅಂತ ವಾಲ್ವ್ ತೆರೆದು ಉಗಿ ಬಿಡುವುದು. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್ ಸುತ್ತ ಬೆಳೆದ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಅಮೆರಿಕದವರು ‘ಬ್ಲೋ ಆಫ್ ಸ್ಟೀಮ್’ ಅನ್ನುತ್ತಾರೆ. ಇದಕ್ಕೆ ಮಾತೇ ಆಗಬೇಕೆಂದಿಲ್ಲ. ಸಂಜೆ ಕಬಡ್ಡಿ ಆಡಿ ಬಂದರೂ ಅದು ‘ಲೆಟ್ಟಿಂಗ್ ಆಫ್ ಸ್ಟೀಮ್’. ದುಃಖ ತೋಡಿಕೊಳ್ಳುವುದಕ್ಕೆ ಈ ನುಡಿ ಹೊಂದುವುದಿಲ್ಲ.

‘ವೆಂಟ್’ ಜೊತೆ ಬರುವ ಚಿಕ್ಕ ಪದದ ಮೇಲೆ ಕಣ್ಣಿಡಿ. ಗೆಳತಿಯ ಹತ್ತಿರ ಸಿಟ್ಟು ಹೇಳಿಕೊಂಡರೆ ‘ವೆಂಟೆಡ್ ಟು ಹರ್ ಫ್ರೆಂಡ್’. ಯಾರ ಮೇಲೋ ಸಿಟ್ಟು ತೀರಿಸಿಕೊಂಡರೆ ‘ವೆಂಟೆಡ್ ಹರ್ ಆಂಗರ್ ಆನ್’. ನಿಮ್ಮ ರೆಕಾರ್ಡ್‌ನಲ್ಲಿ ‘ಆಫ್ಟರ್ ವೆಂಟಿಂಗ್ ಆನ್ ಮಿ’ ಅಂತಿದೆ. ಅಂದರೆ ಆಕೆ ನಿಮ್ಮ ಮೇಲೆ ಹರಿಹಾಯ್ದರು ಅಂತ ಆಯಿತು. ಪಾಪ, ಅವರು ನಿಮಗೆ ಚಹಾ ಕೊಟ್ಟು ಮಾತಾಡಿದ್ದರು ಅಂತ ನೀವೇ ಬರೆದಿದ್ದೀರಿ. ‘ಆನ್’ ಬೇಕಾದದ್ದು ಹುಡುಗನ ವಾಕ್ಯಕ್ಕೆ, ನಿಮ್ಮದಕ್ಕಲ್ಲ. ಇನ್ನೂ ಸುಲಭ ಅಂದರೆ ‘ಟೇಕ್ಸ್ ಇಟ್ ಔಟ್ ಆನ್ ಹರ್ ಸನ್’. ‘ಹುಡುಗನ ಮ್ಯಾಲ ತೀರಿಸ್ಕೊಂತೀನಿ’ ಅನ್ನುವುದಕ್ಕೆ ಇದಕ್ಕಿಂತ ಸರಿಯಾದ ಇಂಗ್ಲಿಷು ಇಲ್ಲ. ಅಂದಹಾಗೆ, ಈ ಒಂದು ಮಾತಿಗೆ ‘ಅಡ್ಮಿಟೆಡ್’ ಬರೆಯಬಹುದಿತ್ತು. ತನ್ನ ತಪ್ಪು ತನಗೆ ಗೊತ್ತಿದೆ ಅಂತ ಆಕೆಯೇ ಹೇಳುತ್ತಿದ್ದಾರೆ. ಆದರೂ ನಾನಾಗಿದ್ದರೆ ‘ಸೆಡ್’ ಅಂತಲೇ ಬರೆಯುತ್ತಿದ್ದೆ. ಮಗುವಿನ ವಿಷಯ ರೆಕಾರ್ಡ್‌ನಲ್ಲಿ ಸ್ಪಷ್ಟವಾಗಿ ಇರಬೇಕು, ಅಷ್ಟೇ ಮುಖ್ಯ.

‘ಪೋರ್ ಔಟ್ ಹರ್ ಹಾರ್ಟ್’ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದೆ ಖಂಡಿತ ಬರುತ್ತದೆ. ಇದು ಬಹಳ ಹಳೆಯ ಮಾತು. 1611ರ ಇಂಗ್ಲಿಷ್ ಬೈಬಲ್‌ನಲ್ಲೇ ಇದೆ. ಅಲ್ಲಿ ಹನ್ನ ಅನ್ನುವ ಹೆಂಗಸಿನ ಕಥೆ ಬರುತ್ತದೆ. ಮಕ್ಕಳಿಲ್ಲದ ದುಃಖಕ್ಕೆ ದೇವರ ಮುಂದೆ ತುಟಿ ಅಲ್ಲಾಡಿಸುತ್ತ, ದನಿ ಇಲ್ಲದೆ ಅಳುತ್ತ ಪ್ರಾರ್ಥಿಸುತ್ತಿರುತ್ತಾಳೆ. ಯಾಜಕ ಏಲಿ ನೋಡಿ, ಕುಡಿದು ಬಂದಿದ್ದಾಳೆ ಅಂದುಕೊಂಡು ಬೈಯುತ್ತಾನೆ. ಕುಡಿದಿಲ್ಲ, ದೇವರ ಮುಂದೆ ನನ್ನ ಜೀವದ ಸಂಕಟ ಸುರಿದುಕೊಳ್ಳುತ್ತಿದ್ದೇನೆ ಅಂತ ಆಕೆ ಹೇಳುತ್ತಾಳೆ. ಅಳುವವಳನ್ನು ನೋಡಿದ ಕೂಡಲೇ ಒಂದು ಹಣೆಪಟ್ಟಿ ಹಚ್ಚುವ ಚಾಳಿ ಅಷ್ಟು ಹಳೆಯದು. ಈ ನುಡಿಗಟ್ಟು ಪತ್ರಕ್ಕೆ, ಕಥೆಗೆ ಚೆಂದ. ರೆಕಾರ್ಡ್‌ಗೆ ಸ್ವಲ್ಪ ನಾಟಕ ಆಗುತ್ತದೆ. ‘ಬೇರ್ ಒನ್ಸ್ ಸೋಲ್’, ಅಂದರೆ ಮನಸ್ಸನ್ನೆಲ್ಲ ತೆರೆದಿಡುವುದು, ಇನ್ನೂ ನಾಟಕ. ಅದರ ಸ್ಪೆಲ್ಲಿಂಗ್ ತಪ್ಪಿದರೆ ಕರಡಿ ಬಂದು ಕೂರುತ್ತದೆ.

ರೆಕಾರ್ಡ್‌ಗೆ ನಿಜವಾಗಿ ಉಪಯೋಗ ಆಗುವುದು ‘ಓಪನ್ ಅಪ್’. ಮೊದಲು ಎರಡು ಸಲ ಹೋದಾಗ ಬರೀ ಮಳೆ, ಶೇಂಗಾ, ರೇಷನ್ ಅಕ್ಕಿ ಮಾತಾಡಿದವರು ಮೂರನೇ ಸಲಕ್ಕೆ ಮನೆಯ ಮಾತು ತೆಗೆದರು ಅಂತಿಟ್ಟುಕೊಳ್ಳಿ. ‘ಶಿ ಓಪನ್ಡ್ ಅಪ್ ಡ್ಯೂರಿಂಗ್ ದ ಥರ್ಡ್ ವಿಸಿಟ್’ ಅನ್ನಿ. ಮುಚ್ಚಿಕೊಂಡಿದ್ದವರು ನಿಧಾನಕ್ಕೆ ಬಿಚ್ಚಿಕೊಂಡರು ಅನ್ನುವುದು ಅದರಲ್ಲೇ ಬರುತ್ತದೆ. ‘ಶೇರ್ಡ್’ ತಪ್ಪಲ್ಲ, ಕೌನ್ಸೆಲಿಂಗ್‌ನವರು ಬಳಸುತ್ತಾರೆ. ನನಗೆ ಮಾತ್ರ ಅದು ಸಪ್ಪೆ. ಗುಡ್ ಮಾರ್ನಿಂಗ್ ಫೋಟೋನೂ ಶೇರ್, ಗಂಡನ ಹೊಡೆತನೂ ಶೇರ್ ಅಂದರೆ ಹೇಗೆ?

ನೀವು ಸಮಾಜಕಾರ್ಯ ಓದುವವರು, ಹಾಗಾಗಿ ಒಂದು ಹಳೆಯ ಸಂಗತಿ ಹೇಳದೆ ಇರಲಾಗುವುದಿಲ್ಲ. ‘ಟಾಕಿಂಗ್ ಕ್ಯೂರ್’ ಅಂತ ಕೇಳಿರುತ್ತೀರಿ, ಮಾತಾಡಿ ಗುಣ ಆಗುವುದು. ಈ ಪದ ಮಾಡಿದ್ದು ಡಾಕ್ಟರಲ್ಲ, ರೋಗಿ. 1880ರ ದಶಕದ ಶುರುವಿನಲ್ಲಿ ವಿಯೆನ್ನಾದ ವೈದ್ಯ ಯೋಸೆಫ್ ಬ್ರಾಯರ್ ಒಬ್ಬ ಯುವತಿಗೆ ಚಿಕಿತ್ಸೆ ಕೊಡುತ್ತಿದ್ದರು. ಕಾಯಿಲೆಯ ಒಂದು ಹಂತದಲ್ಲಿ ಆಕೆಗೆ ತನ್ನ ಮಾತೃಭಾಷೆ ಜರ್ಮನ್ ಬಾಯಿಗೆ ಬರುತ್ತಿರಲಿಲ್ಲ, ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದಳು. ಮನಸ್ಸಿನಲ್ಲಿದ್ದದ್ದನ್ನೆಲ್ಲ ಡಾಕ್ಟರ ಮುಂದೆ ಹೇಳಿಕೊಂಡು ಹಗುರಾಗುವುದಕ್ಕೆ ಆಕೆಯೇ ಇಂಗ್ಲಿಷಿನಲ್ಲಿ ‘ಟಾಕಿಂಗ್ ಕ್ಯೂರ್’ ಅಂತ ಹೆಸರಿಟ್ಟಳು. ತಮಾಷೆಗೆ ‘ಚಿಮ್ನಿ ಸ್ವೀಪಿಂಗ್’ ಅಂತಲೂ ಅನ್ನುತ್ತಿದ್ದಳು, ಹೊಗೆಗೂಡಿನ ಮಸಿ ಗುಡಿಸುವುದು ಅಂತ. ಬ್ರಾಯರ್ ಮತ್ತು ಮನೋವಿಶ್ಲೇಷಣೆಯ ಫ್ರಾಯ್ಡ್ 1895ರಲ್ಲಿ ಹೊರತಂದ ಪುಸ್ತಕದಲ್ಲಿ ಆಕೆ ‘ಆನಾ ಓ’. ನಿಜವಾದ ಹೆಸರು ಬೆರ್ತಾ ಪಾಪನ್‌ಹೈಮ್. ಆಮೇಲೆ ಏನಾದಳು ಗೊತ್ತಾ? ನಿಮ್ಮ ದಾರಿಗೇ ಬಂದಳು. ಅನಾಥ ಮಕ್ಕಳು, ಮಾರಾಟಕ್ಕೆ ಸಿಕ್ಕಿದ ಹೆಣ್ಣುಮಕ್ಕಳು, ಇವರಿಗಾಗಿ ಕೆಲಸ ಮಾಡಿದಳು. 1904ರಲ್ಲಿ ಜರ್ಮನಿಯ ಯಹೂದಿ ಮಹಿಳೆಯರ ಒಕ್ಕೂಟ ಕಟ್ಟಿದಳು. 1954ರಲ್ಲಿ ಪಶ್ಚಿಮ ಜರ್ಮನಿ ಆಕೆಯ ಅಂಚೆಚೀಟಿ ತಂದಿತು. ಹೇಳಿಕೊಂಡವಳ ಪದವೇ ಈಗ ಪಠ್ಯಪುಸ್ತಕದ ಪದ.

ಇದನ್ನು ಹೇಳಿದ್ದಕ್ಕೆ ಒಂದು ಕೆಲಸದ ಕಾರಣವೂ ಇದೆ. ಆಕೆ ಅಂದ ವಾಕ್ಯವನ್ನು ಮೊದಲು ಕನ್ನಡದಲ್ಲೇ, ಆಕೆಯ ಬಾಯಲ್ಲಿ ಬಂದ ಹಾಗೆ, ಉದ್ಧರಣ ಚಿಹ್ನೆ ಹಾಕಿ ಬರೆಯಿರಿ. ‘ಹೇಳೇನ್ರಿ’ ಇದ್ದದ್ದನ್ನು ‘ಹೇಳಿದ್ದೇನೆ’ ಅಂತ ತಿದ್ದಬೇಡಿ. ಅದರ ಕೆಳಗೆ ಇಂಗ್ಲಿಷು. ನಾಳೆ ನಿಮ್ಮ ಇಂಗ್ಲಿಷ್ ಪದ ಸ್ವಲ್ಪ ಆಚೀಚೆ ಆದರೂ ಮೂಲ ಮಾತು ಕಾಗದದ ಮೇಲೆ ಇರುತ್ತದೆ. ಗೈಡ್ ಒಪ್ಪುತ್ತಾರಾ ಅಂತ ಒಮ್ಮೆ ಕೇಳಿ. ಒಪ್ಪದಿದ್ದರೆ ಕಾರಣ ಕೇಳಿ.

ನಿಮ್ಮ ಮೂರು ಸಾಲು ನಾನು ಬರೆದರೆ ಹೀಗಿರುತ್ತಿತ್ತು: ‘ಶಿ ಡಿಸ್‌ಕ್ಲೋಸ್ಡ್ ದಟ್ ಹರ್ ಹಸ್ಬೆಂಡ್ ಬೀಟ್ಸ್ ಹರ್. ಅಂಟಿಲ್ ನೌ ಶಿ ಹ್ಯಾಡ್ ಕನ್‌ಫೈಡೆಡ್ ಓನ್ಲಿ ಇನ್ ಹರ್ ಸಿಸ್ಟರ್. ಶಿ ಸೆಡ್ ದಟ್ ವೆನ್ ಶಿ ಈಸ್ ಆಂಗ್ರಿ ಶಿ ಟೇಕ್ಸ್ ಇಟ್ ಔಟ್ ಆನ್ ಹರ್ ಸನ್, ಅಂಡ್ ದಟ್ ಶಿ ಫೆಲ್ಟ್ ರಿಲೀವ್ಡ್ ಆಫ್ಟರ್ ಟಾಕಿಂಗ್.’ ಒಂದೂ ಅಲಂಕಾರ ಇಲ್ಲ. ಒಂದು ನುಡಿಗಟ್ಟು ಮಾತ್ರ ಇದೆ, ಅದು ಬೇಕಾಗಿತ್ತು.

ಕೇಳುವವರ ಕಡೆಯ ಮಾತುಗಳನ್ನು ಬೇಗ ಮುಗಿಸುತ್ತೇನೆ. ‘ಲೆಂಡ್ ಆ್ಯನ್ ಇಯರ್’ ಅಂದರೆ ಸಮಾಧಾನದಿಂದ ಕೇಳುವುದು. ‘ಬೆಂಡ್ ಸಮ್‌ಒನ್ಸ್ ಇಯರ್’ ಅಂದರೆ ಕಿವಿ ತಿನ್ನುವುದು, ಎರಡನ್ನೂ ಅದಲು ಬದಲು ಮಾಡಬೇಡಿ. ‘ಸೌಂಡಿಂಗ್ ಬೋರ್ಡ್’ ಇರುವುದು ಯೋಜನೆ, ಐಡಿಯಾ ಚರ್ಚಿಸುವುದಕ್ಕೆ, ಅಳುವುದಕ್ಕಲ್ಲ. ಅಳುವುದಕ್ಕೆ ‘ಶೋಲ್ಡರ್ ಟು ಕ್ರೈ ಆನ್’. ಈಚೆಗೆ ಬಂದಿರುವ ‘ಟ್ರಾಮಾ ಡಂಪಿಂಗ್’ ಅನ್ನುವುದನ್ನು ನಿಮ್ಮ ಕ್ಲಾಸಿನವರು ಬಳಸುತ್ತಿರಬಹುದು. ಹೇಳುವವರು ಕೇಳುವವರ ಮೇಲೆ ಕಸ ಸುರಿದರು ಅನ್ನುವ ಬೈಗುಳ ಅದರಲ್ಲಿದೆ. ಕ್ಲೈಂಟ್ ಬಗ್ಗೆ ಅದನ್ನು ಎಂದೂ ಬರೆಯಬೇಡಿ. ಕೇಳುವುದು ನಿಮ್ಮ ಕೆಲಸ, ಆಕೆಯೇನೂ ದಾರಿಯಲ್ಲಿ ಹೋಗುವವರನ್ನು ಹಿಡಿದು ನಿಲ್ಲಿಸಿಲ್ಲ.

ಬಯೋಡೇಟಾ ವಾಕ್ಯ ‘ಪೀಪಲ್ ಫೈಂಡ್ ಇಟ್ ಈಸಿ ಟು ಕನ್‌ಫೈಡ್ ಇನ್ ಮಿ’ ಅಂತ ಆಗಬೇಕು. ‘ಐ ಆಮ್ ಎ ಗುಡ್ ಕಾನ್ಫಿಡಾಂಟ್’ ಅಂತ ಬದಲಿಸಲು ಹೋಗಬೇಡಿ. ಆಪ್ತರು ಅನ್ನುವ ಅರ್ಥದ ಆ ಪದದ ಕೊನೆಯ ‘ಎನ್‌ಟಿ’ಗೆ ಮುಂಚೆ ‘ಎ’ ಅಕ್ಷರ ಬರಬೇಕು. ಅಲ್ಲಿ ‘ಇ’ ಬಂದರೆ ಆತ್ಮವಿಶ್ವಾಸದ ‘ಕಾನ್ಫಿಡೆಂಟ್’ ಆಗಿ ವಾಕ್ಯವೇ ಮುರಿಯುತ್ತದೆ. ಕಂಪ್ಯೂಟರಿನ ಸ್ಪೆಲ್ಲಿಂಗ್ ಚೆಕ್ ಎರಡನ್ನೂ ಸರಿ ಅನ್ನುತ್ತದೆ. ಇನ್ನೂ ಒಂದು ಮಾತು. ಜನ ನನ್ನನ್ನು ನಂಬಿ ಹೇಳಿಕೊಳ್ಳುತ್ತಾರೆ ಅಂತ ನಾವೇ ಬರೆದುಕೊಂಡರೆ ಇಂಟರ್‌ವ್ಯೂನಲ್ಲಿ ಕೂತವರು ನಗಬಹುದು. ಆ ಸಾಲು ತೆಗೆದು ಎಷ್ಟು ತಿಂಗಳು, ಎಷ್ಟು ಸಂಘ, ಎಂಥ ಕೇಸು ನೋಡಿದಿರಿ ಅಂತ ಹಾಕಿ. ಊರ ಹೆಸರು, ಹೆಂಗಸರ ಹೆಸರು ಮಾತ್ರ ಹಾಕಬೇಡಿ.